ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಗ್ರಬ್ ತೆರೆಯಲ್ಲೇ ನಿಂತ ಕಂಪ್ಯೂಟರ್: ಫಾರ್ಮ್ಯಾಟ್ ಮಾಡದೆ ಸರಿಪಡಿಸಬಹುದೇ?

ಅಚ್ಚುಮನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಯಲ್ಲಿ ಗಟ್ಟಿಯಾಗಿರುವುದು ಒಂದೇ ಕಂಪ್ಯೂಟರ್. ಹಗಲು ಅದರ ವಿಂಡೋಸ್ 11ರಲ್ಲಿ ನುಡಿ ಹಾಕಿಕೊಂಡು ನಾನು ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿಗಳನ್ನು ಸಿದ್ಧಪಡಿಸುತ್ತೇನೆ. ಸಂಜೆಯಾದ ಮೇಲೆ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಅದೇ ಯಂತ್ರದ ಉಬುಂಟು 24.04 ಎಂಬ ಲಿನಕ್ಸಿನಲ್ಲಿ ತನ್ನ ಪ್ರಾಜೆಕ್ಟ್ ಕೆಲಸ ಮಾಡಿಕೊಳ್ಳುತ್ತಾಳೆ. ಒಂದೇ ಎಸ್‌ಎಸ್‌ಡಿಯಲ್ಲಿ ಎರಡೂ ಇವೆ. ಇಷ್ಟು ದಿನ ಆನ್ ಮಾಡಿದರೆ ಉಬುಂಟು ಬೇಕೋ ವಿಂಡೋಸ್ ಬೇಕೋ ಎಂದು ಕೇಳುವ ಪಟ್ಟಿ ಬರುತ್ತಿತ್ತು.

ಬುಧವಾರ ಬೆಳಿಗ್ಗೆ ಅಂಗಡಿ ತೆರೆದಾಗ ವಿಂಡೋಸ್ ತಾನಾಗಿಯೇ ಅಪ್‌ಡೇಟ್ ಹಾಕಿಕೊಂಡು ಎರಡು ಬಾರಿ ರೀಸ್ಟಾರ್ಟ್ ಆಯಿತು. ಅನಂತರ ಇಡೀ ದಿನ ಏನೂ ತೊಂದರೆಯಿಲ್ಲದೆ ಕೆಲಸ ಮಾಡಿದೆ. ಗುರುವಾರ ಸಂಜೆ ಮಗಳು ಉಬುಂಟುವಿನಲ್ಲಿ ಬಾಕಿ ಇದ್ದ ಅಪ್‌ಡೇಟ್‌ಗಳಿಗೆ ಒಪ್ಪಿಗೆ ಕೊಟ್ಟಳು. ಅದು ಮುಗಿಯುವ ಮುನ್ನವೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರಿಂದ ಅದೂ ಕರೆಂಟಿನ ಜೊತೆಯಲ್ಲೇ ಹೋಯಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಕಪ್ಪು ತೆರೆಯ ಮೇಲೆ ‘ಗ್ನೂ ಗ್ರಬ್ 2.12’ ಎಂಬ ಒಂದು ಸಾಲು, ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಮೂರು ಸಾಲು, ಕೊನೆಗೆ ‘ಗ್ರಬ್>’ ಎಂದು ಬಂದು ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಇದೇ.

ರಿಪೇರಿ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ವಿಂಡೋಸ್ ಅಪ್‌ಡೇಟ್ ಆದಾಗಲೆಲ್ಲ ಲಿನಕ್ಸ್ ಅಳಿಸಿಹೋಗುವುದು ಮಾಮೂಲು, ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಒಂದನ್ನೇ ಹಾಕಿಕೊಡುತ್ತೇನೆ ಎಂದರು. ಡಿ ಡ್ರೈವಿನಲ್ಲಿ ಹಲವು ವರ್ಷಗಳ ಕೆಲಸವಿದೆ. ಅದರ ನಕಲು ಇರುವುದು ಅರ್ಧದಷ್ಟಕ್ಕೆ ಮಾತ್ರ. ಮೂರು ಲಗ್ನಪತ್ರಿಕೆಗಳು ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಮಗಳ ಪ್ರಾಜೆಕ್ಟ್ ವರದಿಯೂ ಉಬುಂಟುವಿನ ಒಳಗೇ ಸಿಕ್ಕಿಕೊಂಡಿದೆ. ಫೈಲ್‌ಗಳು ನಿಜವಾಗಿಯೂ ಹೋಗಿವೆಯೇ? ಫಾರ್ಮ್ಯಾಟ್ ಮಾಡದೆ ಎರಡನ್ನೂ ಮೊದಲಿನಂತೆ ಮಾಡಿಕೊಳ್ಳುವ ದಾರಿ ಇದೆಯೇ? ನನಗೆ ಟೈಪಿಂಗ್ ಚೆನ್ನಾಗಿ ಬರುತ್ತದೆ, ಕಂಪ್ಯೂಟರಿನ ಒಳಗುಟ್ಟು ತಿಳಿಯದು. ದಯವಿಟ್ಟು ಅದಕ್ಕೆ ತಕ್ಕಂತೆ ತಿಳಿಸಿಕೊಡಿ.

ನೀರುಗಂಟಿ (ಶ್ರೀರಂಗಪಟ್ಟಣ)

ಅಚ್ಚುಮನೆಯವರೇ, ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಫೈಲ್‌ಗಳು ಇದ್ದಲ್ಲಿಯೇ ಇರಬೇಕು. ಗ್ರಬ್ ತನ್ನ ಹೆಸರು ಹೇಳಿಕೊಂಡು ನಿಮ್ಮ ಮಾತಿಗಾಗಿ ಕಾಯುತ್ತಿದೆ ಎಂದರೆ ಡಿಸ್ಕ್ ಓದಲು ಸಿಗುತ್ತಿದೆ, ಆನ್ ಮಾಡಿದಾಗ ಉಬುಂಟುವನ್ನೋ ವಿಂಡೋಸನ್ನೋ ಎಬ್ಬಿಸುವ ಬೂಟ್‌ಲೋಡರಿಗೂ (ಗ್ರಬ್ ಎಂದರೆ ಅದೇ) ಜೀವವಿದೆ. ಅದಕ್ಕೆ ಮುಂದಿನ ದಾರಿ ಮಾತ್ರ ತಿಳಿಯುತ್ತಿಲ್ಲ.

ನಮ್ಮ ಕಡೆಯ ಗದ್ದೆಗೆ ನೀರು ಬರಲಿಲ್ಲವೆಂದರೆ ಕನ್ನಂಬಾಡಿ ಕಟ್ಟೆ ಒಡೆದಿದೆ ಎಂದು ಯಾರೂ ಹೇಳುವುದಿಲ್ಲ. ನಾಲೆಯುದ್ದಕ್ಕೂ ನಡೆದು ಯಾವ ತೂಬು ಮುಚ್ಚಿದೆ ಎಂದು ನೋಡುತ್ತೇವೆ. ಕಂಪ್ಯೂಟರ್ ಏಳುವುದೂ ಹೀಗೆಯೇ, ತೂಬಿನಿಂದ ತೂಬಿಗೆ. ಸ್ವಿಚ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿರುವ ಯುಇಎಫ್ಐ ಎಂಬ ಮೂಲ ಪ್ರೋಗ್ರಾಂ. ಯಾವ ಬೂಟ್‌ಲೋಡರನ್ನು ಮೊದಲು ಕರೆಯಬೇಕು ಎಂಬ ಪಟ್ಟಿಯೊಂದನ್ನು ಅದು ತನ್ನದೇ ಚಿಪ್ಪಿನಲ್ಲಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿ ಹಿಡಿದು ಅದು ಡಿಸ್ಕಿನಲ್ಲಿರುವ ಇಎಫ್ಐ ಸಿಸ್ಟಂ ಪಾರ್ಟಿಷನ್ ಎಂಬ ಪುಟ್ಟ ಭಾಗಕ್ಕೆ ಹೋಗುತ್ತದೆ. ಅದರಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮ (ಫೈಲ್‌ಸಿಸ್ಟಂ) ಫ್ಯಾಟ್32 ಮಾದರಿಯದು. ವಿಂಡೋಸೇ ಮಾಡಿಕೊಂಡದ್ದಾದರೆ ಸಾಮಾನ್ಯವಾಗಿ 100 ಎಂಬಿ ಅಷ್ಟೇ. ಒಂದೇ ವಠಾರದ ಎರಡು ಮನೆಗಳಂತೆ ಅದರೊಳಗೆ ವಿಂಡೋಸಿಗೆ ಒಂದು ಫೋಲ್ಡರ್, ಉಬುಂಟುವಿಗೆ ಒಂದು ಫೋಲ್ಡರ್. ಉಬುಂಟು ಫೋಲ್ಡರಿನಲ್ಲಿರುವ ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಗ್ರಬ್ಬಿನ ಸಹಿಯನ್ನು ಪರೀಕ್ಷಿಸಿ ಅದನ್ನು ಎಬ್ಬಿಸುತ್ತದೆ. ಗ್ರಬ್ ಅದೇ ಫೋಲ್ಡರಿನಲ್ಲಿರುವ ಮೂರೇ ಸಾಲಿನ ಒಂದು ಫೈಲನ್ನು, ಒಂದು ಚೀಟಿ ಎನ್ನೋಣ, ಓದಿಕೊಂಡು ಉಬುಂಟುವಿನ ಪಾರ್ಟಿಷನ್ ಯಾವುದೆಂದು ತಿಳಿಯುತ್ತದೆ. ಅಲ್ಲಿ ಹೋಗಿ ದೊಡ್ಡ ಪಟ್ಟಿಯನ್ನು ತೆರೆದು ನಿಮಗೆ ತೋರಿಸುತ್ತದೆ, ನೀವು ಆರಿಸಿದ ಮೇಲೆ ಉಬುಂಟುವಿನ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ.

ಯಾವ ತೂಬು ಕೆಟ್ಟಿದೆ ಎಂಬುದನ್ನು ತೆರೆಯ ಮೇಲಿನ ಲಕ್ಷಣವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಪಟ್ಟಿ ಬಾರದೆ ನೇರವಾಗಿ ವಿಂಡೋಸ್ ತೆರೆದುಕೊಂಡರೆ ಯುಇಎಫ್ಐ ಪಟ್ಟಿಯ ಕ್ರಮ ಬದಲಾಗಿದೆ, ಬೇರೇನೂ ಕೆಟ್ಟಿಲ್ಲ. ‘ಸೆಕ್ಯೂರಿಟಿ ಪಾಲಿಸಿ ವಯಲೇಷನ್’ ಎಂದು ಹೇಳಿ ಯಂತ್ರ ಆರಿಹೋದರೆ ತಡೆ ಇರುವುದು ಶಿಮ್ ಹತ್ತಿರ. ಪಟ್ಟಿ ಬಂದು, ಉಬುಂಟು ಆರಿಸಿದ ಮೇಲೆ ‘ಕರ್ನಲ್ ಪ್ಯಾನಿಕ್’ ಎಂದರೆ ಹೊಸ ಕರ್ನಲ್ಲಿನ ಜೊತೆ ಇರಬೇಕಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಫೈಲ್ ಪೂರ್ತಿ ಸಿದ್ಧವಾಗಿಲ್ಲದಿರುವ ಸಂಭವ ಹೆಚ್ಚು. ಆಗ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿದರೆ ಸಾಕಾಗುತ್ತದೆ. ನಿಮ್ಮಲ್ಲಿ ಶಿಮ್ ದಾಟಿದೆ, ಗ್ರಬ್ ಎದ್ದಿದೆ, ಪಟ್ಟಿ ಬಂದಿಲ್ಲ. ಹಾಗಾಗಿ ನನ್ನ ಅನುಮಾನ ಆ ಮೂರು ಸಾಲಿನ ಚೀಟಿಯ ಮೇಲೆ. ಒಂದು ಮಾತನ್ನು ಗಮನಿಸಿ: ನಿಮ್ಮಲ್ಲಿ ಬಂದಿರುವುದು ‘ಗ್ರಬ್>’, ‘ಗ್ರಬ್ ರೆಸ್ಕ್ಯೂ>’ ಅಲ್ಲ. ಎರಡನೆಯದರಲ್ಲಿ ಬೆರಳೆಣಿಕೆಯ ಕಮಾಂಡ್‌ಗಳಷ್ಟೇ ನಡೆಯುತ್ತವೆ. ನಿಮ್ಮದರಲ್ಲಿ ಬಹುತೇಕ ಎಲ್ಲವೂ ನಡೆಯುತ್ತದೆ.

ದುರಸ್ತಿಗೆ ಮುಂಚೆ ನಿಮ್ಮ ಲಗ್ನಪತ್ರಿಕೆಗಳನ್ನು ಹೊರತೆಗೆಯೋಣ. ಕಂಪ್ಯೂಟರನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿದ ಕೂಡಲೇ ಎಫ್12 ಕೀಲಿಯನ್ನು ತಟ್ಟುತ್ತಿರಿ; ಕೆಲವು ಮದರ್‌ಬೋರ್ಡುಗಳಲ್ಲಿ ಅದು ಎಫ್11, ಇನ್ನು ಕೆಲವುಗಳಲ್ಲಿ ಎಫ್8. ಬೂಟ್ ಮೆನು ಬಂದು ಅದರಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಕಾಣಿಸಬೇಕು. ಅದನ್ನು ಆರಿಸಿದರೆ ಗ್ರಬ್ಬನ್ನು ಬದಿಗಿಟ್ಟು ವಿಂಡೋಸ್ ತೆರೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಡಿ ಡ್ರೈವನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಮ್ಯಾನೇಜ್-ಬಿಡಿಇ -ಸ್ಟೇಟಸ್’ ಎಂದು ಕೊಟ್ಟು, ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದೆಯೇ ಎಂದು ನೋಡಿ. ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವವರೆಗೆ ಬಯಾಸ್‌ನಲ್ಲಿ (ಯುಇಎಫ್ಐ ಸೆಟ್ಟಿಂಗ್‌ಗಳಲ್ಲಿ) ಏನನ್ನೂ ಮುಟ್ಟಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರಲ್ಲಿ ಈ ಬೀಗ ಎಷ್ಟೋ ಸಲ ಅವರಿಗೆ ತಿಳಿಯದೆಯೇ ಬಿದ್ದಿರುತ್ತದೆ. ಕೀ ಇಲ್ಲದೆ ಬೂಟ್ ವ್ಯವಸ್ಥೆಯನ್ನು ಕದಲಿಸಿದವರು ಗ್ರಬ್ ಸರಿಯಾದರೂ ಸಿ ಡ್ರೈವಿನ ಹೊರಗೆ ನಿಲ್ಲಬೇಕಾಗುತ್ತದೆ.

ಇಷ್ಟಾದ ಮೇಲೆ ಗ್ರಬ್ ತೆರೆಗೆ ಮರಳಿ ಬನ್ನಿ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ‘ಎಲ್‌ಎಸ್’ ಎಂದು ಕೊಟ್ಟರೆ (ಎಚ್‌ಡಿ0,ಜಿಪಿಟಿ1), (ಎಚ್‌ಡಿ0,ಜಿಪಿಟಿ2) ಹೀಗೆ ಪಾರ್ಟಿಷನ್ನುಗಳ ಸಾಲು ಬರುತ್ತದೆ. ಒಂದೊಂದನ್ನೂ ‘ಎಲ್‌ಎಸ್ (ಎಚ್‌ಡಿ0,ಜಿಪಿಟಿ1)/’ ಎಂಬಂತೆ, ಕೊನೆಯಲ್ಲಿ ಓರೆಗೆರೆ ಸೇರಿಸಿ ಕೇಳಿ. ಬೂಟ್, ಇಟಿಸಿ, ಹೋಮ್, ಯುಎಸ್‌ಆರ್ ಎಂಬ ಫೋಲ್ಡರ್‌ಗಳು ಯಾವುದರಲ್ಲಿ ಕಾಣಿಸುತ್ತವೆಯೋ ಅದು ಉಬುಂಟುವಿನ ಮನೆ. ಅದು ಯಾವ ಸಂಖ್ಯೆ ಎಂದು ಇಲ್ಲಿ ತಿಳಿಸಿ.

ಕುಕ್ಕರಹಳ್ಳಿ (ಮೈಸೂರು)

ನೀರುಗಂಟಿಯವರು ಹೇಳಿದ್ದು ಸರಿ, ಆದರೆ ಬುಧವಾರದ ವಿಂಡೋಸ್ ಅಪ್‌ಡೇಟನ್ನು ಇಷ್ಟು ಬೇಗ ನಿರಪರಾಧಿ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಮೈಕ್ರೋಸಾಫ್ಟಿನ ಭದ್ರತಾ ಅಪ್‌ಡೇಟ್‌ಗಳು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತವೆ; ನಮ್ಮ ಗಡಿಯಾರದಲ್ಲಿ ಅದು ರಾತ್ರಿ ಹತ್ತು ಗಂಟೆಯ ನಂತರ. ಆದ್ದರಿಂದ ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದವರಿಗೆ ಅದು ಎದುರಾಗುತ್ತದೆ. 2024ರ ಆಗಸ್ಟ್ 13ರಂದು ಬಂದ ಅಪ್‌ಡೇಟನ್ನು ಎರಡು ವ್ಯವಸ್ಥೆ ಇಟ್ಟುಕೊಂಡವರು ಮರೆತಿರಲಾರರು. ಗ್ರಬ್ಬಿನಲ್ಲಿ 2022ರಲ್ಲಿ ಕಂಡುಬಂದಿದ್ದ ಒಂದು ಭದ್ರತಾ ದೋಷವನ್ನು ಮುಚ್ಚಲೆಂದು ಆ ಅಪ್‌ಡೇಟ್ ಹಳೆಯ ಬೂಟ್‌ಲೋಡರುಗಳನ್ನು ಎಸ್‌ಬ್ಯಾಟ್ ಎಂಬ ವಿಧಾನದಿಂದ ಬಹಿಷ್ಕರಿಸಿತು. ಲಿನಕ್ಸ್ ಜೊತೆಗಿರುವ ಕಂಪ್ಯೂಟರುಗಳಿಗೆ ಅದನ್ನು ಹಾಕುವುದಿಲ್ಲ ಎಂದು ಮೊದಲೇ ಹೇಳಲಾಗಿತ್ತು. ಆದರೆ ಕೆಲವು ಬಗೆಯ ಜೋಡಣೆಗಳನ್ನು ಗುರುತಿಸುವುದರಲ್ಲಿ ಅದು ಎಡವಿತು, ಹಲವರ ಲಿನಕ್ಸ್ ಏಳದೆ ಹೋಯಿತು. ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳ ಅಪ್‌ಡೇಟಿನಲ್ಲಿ.

ಈ ಎಸ್‌ಬ್ಯಾಟ್ ಏಕೆ ಹುಟ್ಟಿತು ಎಂಬುದೂ ಸ್ವಾರಸ್ಯದ ಸಂಗತಿ. 2020ರಲ್ಲಿ ‘ಬೂಟ್‌ಹೋಲ್’ ದೋಷ ಬಯಲಾದಾಗ, ದೋಷವಿರುವ ಪ್ರತಿಯೊಂದು ಗ್ರಬ್ ಪ್ರತಿಯ ಗುರುತನ್ನೂ ಮದರ್‌ಬೋರ್ಡಿನ ನಿಷೇಧಪಟ್ಟಿಗೆ ಸೇರಿಸಬೇಕಾಯಿತು. ಆ ಪಟ್ಟಿಗೆ ಚಿಪ್ಪಿನಲ್ಲಿರುವ ಜಾಗವೇ ಸುಮಾರು 32 ಕೆಬಿ. ಆ ಒಂದು ಪ್ರಕರಣವೇ ಅದರಲ್ಲಿ 10 ಕೆಬಿಯಷ್ಟನ್ನು ನುಂಗಿತು. ಹೀಗೇ ಮುಂದುವರಿದರೆ ಪಟ್ಟಿ ತುಂಬಿಹೋಗುತ್ತದೆ ಎಂದು, ಒಂದೊಂದು ಪ್ರತಿಯ ಹೆಸರು ಬರೆಯುವ ಬದಲು ‘ಇಷ್ಟನೇ ತಲೆಮಾರಿಗಿಂತ ಹಳೆಯದಾದರೆ ಬೇಡ’ ಎಂದು ಒಂದೇ ಸಂಖ್ಯೆಯಲ್ಲಿ ಹೇಳುವ ಈ ಕ್ರಮವನ್ನು ತಂದರು. ಯೋಚನೆ ಒಳ್ಳೆಯದೇ.

ಆದ್ದರಿಂದ ನನ್ನ ಸಲಹೆ ಇದು: ಬಯಾಸ್‌ಗೆ ಹೋಗಿ, ಬೂಟ್‌ಲೋಡರಿನ ಸಹಿ ಪರೀಕ್ಷಿಸುವ ಸೆಕ್ಯೂರ್ ಬೂಟನ್ನು ಆಫ್ ಮಾಡಿ ನೋಡಿ. ಉಬುಂಟು ಎದ್ದರೆ ಟರ್ಮಿನಲ್ಲಿನಲ್ಲಿ ‘ಸುಡೊ ಮೋಕ್‌ಯುಟಿಲ್ --ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್’ ಎಂದು ಕೊಟ್ಟು, ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಉಬುಂಟುವಿಗೆ ಬನ್ನಿ. ಅನಂತರ ಸೆಕ್ಯೂರ್ ಬೂಟನ್ನು ಮರಳಿ ಆನ್ ಮಾಡಿಕೊಳ್ಳಬಹುದು.

ನೀರುಗಂಟಿ (ಶ್ರೀರಂಗಪಟ್ಟಣ)

ಕುಕ್ಕರಹಳ್ಳಿಯವರೇ, 2024ರ ವಿಷಯದಲ್ಲಿ ನೀವು ಬರೆದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ರೋಗದ ಲಕ್ಷಣ ಇವರಲ್ಲಿಲ್ಲ. ಎಸ್‌ಬ್ಯಾಟ್ ತಡೆದರೆ ಶಿಮ್ ಹಂತದಲ್ಲೇ ಮುಗಿಯುತ್ತದೆ. ದೋಷದ ಸಾಲು ತೋರಿಸಿ ಯಂತ್ರ ಆರಿಹೋಗುತ್ತದೆ, ಗ್ರಬ್ಬಿನ ಮುಖ ನೋಡಲು ಸಿಗುವುದೇ ಇಲ್ಲ. ಇವರ ತೆರೆಯ ಮೇಲೆ ಗ್ರಬ್ 2.12 ಎಂದು ಬಂದಿದೆ. ಅಷ್ಟೇ ಅಲ್ಲ, ಬುಧವಾರದ ಅಪ್‌ಡೇಟ್ ಆದ ಮೇಲೆ ಗುರುವಾರ ಸಂಜೆ ಇವರ ಮಗಳು ಉಬುಂಟುವನ್ನು ತೆರೆದೇ ಅಪ್‌ಡೇಟ್ ಹಾಕಿದ್ದಾರೆ. ವಿಂಡೋಸ್ ತಡೆದಿದ್ದರೆ ಅವರು ಒಳಗೆ ಹೋಗುತ್ತಲೇ ಇರಲಿಲ್ಲ.

ಲಿನಕ್ಸ್ ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡ ಉದಾಹರಣೆಯೂ ಇದೆ. 2022ರ ಆಗಸ್ಟಿನಲ್ಲಿ ಆರ್ಚ್ ಲಿನಕ್ಸಿನಲ್ಲಿ ಗ್ರಬ್ ಪ್ಯಾಕೇಜ್ ಹೊಸದಾದಾಗ, ಹೊಸ ಸಂರಚನಾ ಫೈಲಿನಲ್ಲಿದ್ದ ಒಂದು ಕಮಾಂಡ್ ಡಿಸ್ಕಿನಲ್ಲಿ ಹಿಂದೆ ಕೂಡಿಸಿದ್ದ ಹಳೆಯ ಗ್ರಬ್ಬಿಗೆ ಅರ್ಥವಾಗದೆ, ಅನೇಕರ ಯಂತ್ರಗಳು ಮತ್ತೆ ಮತ್ತೆ ಬಯಾಸಿಗೇ ಹೋಗಿ ನಿಂತವು. ಅಲ್ಲಿ ವಿಂಡೋಸಿನ ಕೈವಾಡ ಏನೂ ಇರಲಿಲ್ಲ.

ಬಿಟ್‌ಲಾಕರ್ ಇದೆಯೇ ಇಲ್ಲವೇ ಎಂದು ತಿಳಿಯುವ ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಹೇಳುವುದು ಸರಿಯಲ್ಲ. ಸೆಕ್ಯೂರ್ ಬೂಟಿನ ಸ್ಥಿತಿಯನ್ನು ಟಿಪಿಎಂ ಎಂಬ ಭದ್ರತಾ ಭಾಗ ಲೆಕ್ಕವಿಟ್ಟುಕೊಂಡಿರುತ್ತದೆ. ಅದು ಬದಲಾದ ಕೂಡಲೇ ಬಿಟ್‌ಲಾಕರ್ ರಿಕವರಿ ಕೀ ಕೇಳಲು ನಿಲ್ಲುತ್ತದೆ. ಅಚ್ಚುಮನೆಯವರೇ, ಸದ್ಯ ಬಯಾಸಿಗೆ ಹೋಗಬೇಡಿ.

ಅಚ್ಚುಮನೆ (ಮಂಡ್ಯ)

ಇಬ್ಬರಿಗೂ ವಂದನೆಗಳು. ಎಫ್12 ಒತ್ತಿದರೆ ಏನೂ ಆಗಲಿಲ್ಲ, ಎಫ್11ಕ್ಕೆ ಮೆನು ಬಂತು. ವಿಂಡೋಸ್ ತೆರೆದುಕೊಂಡಾಗ ನನಗಾದ ಸಮಾಧಾನವನ್ನು ಹೇಳತೀರದು. ಡಿ ಡ್ರೈವ್ ಪೂರ್ತಿ ಇದೆ. ರಾತ್ರಿ ಹನ್ನೊಂದರವರೆಗೆ ಕುಳಿತು ಎಲ್ಲವನ್ನೂ ನಕಲು ಮಾಡಿಕೊಂಡೆ, ಲಗ್ನಪತ್ರಿಕೆಗಳನ್ನು ಪೆನ್‌ಡ್ರೈವಿಗೂ ಹಾಕಿಟ್ಟೆ. ಬಿಟ್‌ಲಾಕರ್ ಎಲ್ಲ ಡ್ರೈವುಗಳಲ್ಲೂ ಆಫ್ ಎಂದು ತೋರಿಸುತ್ತಿದೆ.

ಗ್ರಬ್ ತೆರೆಯಲ್ಲಿ ‘ಎಲ್‌ಎಸ್’ ಕೊಟ್ಟಾಗ ಜಿಪಿಟಿ1ರಿಂದ ಜಿಪಿಟಿ6ರವರೆಗೆ ಬಂತು. ಎರಡನೆಯದನ್ನು ಕೇಳಿದರೆ ಫೈಲ್‌ಸಿಸ್ಟಂ ಗೊತ್ತಿಲ್ಲ ಎಂದು ದೋಷ ತೋರಿಸಿತು. ಅದು ಕೆಟ್ಟಿದೆ ಎಂದು ಅರ್ಥವೇ? ಆರನೆಯದರಲ್ಲಿ ನೀವು ಹೇಳಿದ ಬೂಟ್, ಇಟಿಸಿ, ಹೋಮ್ ಎಲ್ಲವೂ ಕಾಣಿಸಿದವು. ಹೋಮ್ ಒಳಗೆ ಮಗಳ ಹೆಸರಿನ ಫೋಲ್ಡರೂ ಇದೆ. ಅದನ್ನು ನೋಡಿದ ಮೇಲೆ ಅವಳು ಊಟ ಮಾಡಿದಳು.

ನೀರುಗಂಟಿ (ಶ್ರೀರಂಗಪಟ್ಟಣ)

ಒಳ್ಳೆಯದಾಯಿತು. ಎರಡನೆಯದು ವಿಂಡೋಸ್ ತನಗೆಂದು ಕಾದಿರಿಸಿಕೊಳ್ಳುವ 16 ಎಂಬಿಯ ಜಾಗವಿರಬೇಕು. ಅದರಲ್ಲಿ ಫೈಲ್‌ಸಿಸ್ಟಂ ಇರುವುದೇ ಇಲ್ಲ, ಆದ್ದರಿಂದ ಗ್ರಬ್ ಹಾಗೆ ಹೇಳುತ್ತದೆ. ಚಿಂತಿಸಬೇಡಿ.

ಈಗ ಗ್ರಬ್ ತೆರೆಯಲ್ಲಿ ಮೂರು ಸಾಲುಗಳನ್ನು ಒಂದೊಂದಾಗಿ ಕೊಟ್ಟು ಎಂಟರ್ ಒತ್ತಿ. ಮೊದಲನೆಯದು ‘ಸೆಟ್ ರೂಟ್=(ಎಚ್‌ಡಿ0,ಜಿಪಿಟಿ6)’. ಎರಡನೆಯದು ‘ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ6)/ಬೂಟ್/ಗ್ರಬ್’. ಮೂರನೆಯದು ‘ಕಾನ್ಫಿಗ್‌ಫೈಲ್ (ಎಚ್‌ಡಿ0,ಜಿಪಿಟಿ6)/ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ’. ಸಮ ಚಿಹ್ನೆಯ ಎರಡೂ ಬದಿಯಲ್ಲಿ ಜಾಗ ಬಿಡಬೇಡಿ. ಮೊದಲ ಎರಡಕ್ಕೆ ಏನೂ ಉತ್ತರ ಬರುವುದಿಲ್ಲ; ಇಲ್ಲಿ ಮೌನವೇ ಸಮ್ಮತಿ. ಮೂರನೆಯದಕ್ಕೆ ನಿಮ್ಮ ಹಳೆಯ ಪಟ್ಟಿ ಬರಬೇಕು. ನೀವು ಕೈಯಿಂದ ಬರೆಯುವ ಈ ಮೂರು ಸಾಲುಗಳೇ ಹೆಚ್ಚುಕಡಿಮೆ ಆ ಕಳೆದುಹೋದ ಚೀಟಿಯಲ್ಲಿ ಇರುತ್ತವೆ. ಸಂಖ್ಯೆಯ ಬದಲಿಗೆ ಅಲ್ಲಿ ಪಾರ್ಟಿಷನ್ನಿನ ಉದ್ದನೆಯ ಗುರುತು ಇರುತ್ತದೆ ಅಷ್ಟೇ.

ಉಬುಂಟು ತೆರೆದ ಮೇಲೆ ಮಗಳಿಗೆ ಕುರ್ಚಿ ಬಿಟ್ಟುಕೊಡಿ. ಮೊದಲ ಕೆಲಸ ಅವರ ಪ್ರಾಜೆಕ್ಟನ್ನು ಹೊರಗೆ ನಕಲು ಮಾಡುವುದು. ಅನಂತರ ‘ಸುಡೊ ಎಲ್‌ಎಸ್ -ಎಲ್ /ಬೂಟ್/ಇಎಫ್ಐ/ಇಎಫ್ಐ/ಉಬುಂಟು’ ಎಂದು ಕೊಟ್ಟು (ಎರಡನೇ ‘ಇಎಫ್ಐ’ ದೊಡ್ಡ ಅಕ್ಷರಗಳಲ್ಲಿ) ಅಲ್ಲಿರುವ ಗ್ರಬ್.ಸಿಎಫ್‌ಜಿ ಎಷ್ಟು ದೊಡ್ಡದಿದೆ ನೋಡಲಿ. ಅದು ಸೊನ್ನೆ ಬೈಟ್ ಇದ್ದರೆ ನನ್ನ ಅನುಮಾನ ನಿಜ. ಉಬುಂಟುವಿನ ಮುಖ್ಯ ಪಾರ್ಟಿಷನ್ ಎಕ್ಸ್‌ಟಿ4 ಮಾದರಿಯದು. ಬರೆಯುವ ಮುನ್ನ ಜರ್ನಲ್‌ನಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಅದಕ್ಕಿದೆ. ಆದ್ದರಿಂದ ಕರೆಂಟ್ ಹೋದರೂ ಅದು ಬಹಳಷ್ಟನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಫ್ಯಾಟ್32ಕ್ಕೆ ಆ ಅಭ್ಯಾಸವಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಆ ಒಂದು ಕ್ಷಣದಲ್ಲಿ ಕರೆಂಟ್ ಹೋದರೆ ಹೆಸರು ಉಳಿಯುತ್ತದೆ, ಒಳಗೆ ಏನೂ ಇರುವುದಿಲ್ಲ.

ದುರಸ್ತಿಯಲ್ಲಿ ಕ್ರಮ ಮುಖ್ಯ. ಮೊದಲು ‘ಸುಡೊ ಯುಮೌಂಟ್ /ಬೂಟ್/ಇಎಫ್ಐ’ ಎಂದು ಆ ಪುಟ್ಟ ಪಾರ್ಟಿಷನ್ನನ್ನು ಬಿಡಿಸಿ, ‘ಸುಡೊ ಎಫ್‌ಎಸ್‌ಸಿಕೆ.ವಿಫ್ಯಾಟ್ -ಎ /ಡೆವ್/ಎಸ್‌ಡಿಎ1’ ಎಂದು ಪರೀಕ್ಷೆ ಮಾಡಿಸಬೇಕು. ನಿಮ್ಮ ಎಸ್‌ಎಸ್‌ಡಿ ಎನ್‌ವಿಎಂಇ ಬಗೆಯದಾಗಿದ್ದರೆ ಈ ಹೆಸರು ಬೇರೆ ಇರುತ್ತದೆ, ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟರೆ ತಿಳಿಯುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋದರೆ, ಬರೆಯುತ್ತಿರುವಾಗಲೇ ಲಿನಕ್ಸಿಗೆ ದೋಷ ಎದುರಾಗಿ ಅದು ಆ ಪಾರ್ಟಿಷನ್ನನ್ನು ಓದಲಷ್ಟೇ ಬರುವಂತೆ ಮಾಡಿಬಿಡಬಹುದು. ಆಗ ದುರಸ್ತಿಯೂ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ‘ಸುಡೊ ಮೌಂಟ್ /ಬೂಟ್/ಇಎಫ್ಐ’ ಎಂದು ಮರಳಿ ಜೋಡಿಸಿ, ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟು ಗುರುವಾರ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಪೂರ್ತಿ ಮಾಡಿಸಬೇಕು. ಕೊನೆಗೆ ‘ಸುಡೊ ಗ್ರಬ್-ಇನ್‌ಸ್ಟಾಲ್’, ಅದರ ಹಿಂದೆಯೇ ‘ಸುಡೊ ಅಪ್‌ಡೇಟ್-ಗ್ರಬ್’. ಮೊದಲನೆಯದು ಚೀಟಿಯನ್ನು ಹೊಸದಾಗಿ ಬರೆಯುತ್ತದೆ, ಎರಡನೆಯದು ದೊಡ್ಡ ಪಟ್ಟಿಯನ್ನು ಹೊಸದಾಗಿ ಮಾಡುತ್ತದೆ. ಇಷ್ಟು ಮಾಡುವಾಗ ಯುಪಿಎಸ್ ಮೇಲೆ ಭರವಸೆ ಇಡಬೇಡಿ. ಕರೆಂಟ್ ಹೋಗದೆ ಇರುವ ವೇಳೆ ನೋಡಿಕೊಂಡು ಕುಳಿತುಕೊಳ್ಳಿ.

ಕೀಲಿಮಣೆ (ಮೈಸೂರು)

ಮೇಲಿನ ಮೂರು ಸಾಲುಗಳಿಂದ ಉಬುಂಟು ಏಳದಿದ್ದರೆ ಎಂಬ ಸಂದರ್ಭಕ್ಕಾಗಿ ಬರೆಯುತ್ತಿದ್ದೇನೆ. ಆಗ ಬೇರೆ ಕಂಪ್ಯೂಟರಿನಲ್ಲಿ ಉಬುಂಟು ಲೈವ್ ಪೆನ್‌ಡ್ರೈವ್ (ಡಿಸ್ಕಿಗೆ ಹಾಕದೆಯೇ ಉಬುಂಟು ನಡೆಸುವ ಪೆನ್‌ಡ್ರೈವ್) ಸಿದ್ಧಮಾಡಿಕೊಂಡು ಅದರಿಂದ ಎಬ್ಬಿಸಬೇಕು. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಬಾರಿ ಕಾಣಿಸಿದರೆ ಯುಇಎಫ್ಐ ಎಂದಿರುವುದನ್ನೇ ಆರಿಸಿ. ಈ ಒಂದು ತಪ್ಪಿನಿಂದಲೇ ಒಮ್ಮೆ ನನ್ನ ಇಡೀ ಭಾನುವಾರ ಹಾಳಾಯಿತು: ಹಳೆಯ ಬಯಾಸ್ ಕ್ರಮದಲ್ಲಿ ಎಬ್ಬಿಸಿದ್ದರಿಂದ ಯುಇಎಫ್ಐ ಪಟ್ಟಿಗೆ ಏನನ್ನೂ ಬರೆಯಲಾಗದೆ, ಗ್ರಬ್ ಪ್ರತಿ ಬಾರಿಯೂ ದೋಷ ತೋರಿಸುತ್ತಿತ್ತು. ‘/ಸಿಸ್/ಫರ್ಮ್‌ವೇರ್/ಇಎಫ್ಐ’ ಎಂಬ ಫೋಲ್ಡರ್ ಇದೆಯೇ ಎಂದು ನೋಡಿಕೊಂಡರೆ ಅನುಮಾನ ಉಳಿಯುವುದಿಲ್ಲ.

ಲೈವ್‌ನಲ್ಲಿ ಎದ್ದ ಮೇಲೆ ಉಬುಂಟುವಿನ ಪಾರ್ಟಿಷನ್ನನ್ನು /ಎಂಎನ್‌ಟಿ ಜಾಗಕ್ಕೂ, ಪುಟ್ಟ ಇಎಫ್ಐ ಪಾರ್ಟಿಷನ್ನನ್ನು /ಎಂಎನ್‌ಟಿ/ಬೂಟ್/ಇಎಫ್ಐ ಜಾಗಕ್ಕೂ ಮೌಂಟ್ ಮಾಡಿ. /ಡೆವ್, /ಪ್ರಾಕ್, /ಸಿಸ್ ಮತ್ತು /ಸಿಸ್ ಒಳಗಿರುವ ಇಎಫ್ಐವಾರ್ಸ್ ಇವುಗಳನ್ನು /ಎಂಎನ್‌ಟಿ ಒಳಗೂ ಕಾಣುವಂತೆ ಬೈಂಡ್ ಮಾಡಿ, ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ’ ಎಂದು ಒಳಗೆ ಇಳಿದರೆ, ಕೆಟ್ಟ ಉಬುಂಟುವಿನ ಒಳಗೆ ಕುಳಿತಂತೆಯೇ ಕೆಲಸ ಮಾಡಬಹುದು. ಅಲ್ಲಿಂದ ಮುಂದೆ ನೀರುಗಂಟಿಯವರು ಹೇಳಿದ ಕಮಾಂಡ್‌ಗಳೇ. ಒತ್ತಿದರೆ ಎಲ್ಲವನ್ನೂ ತಾನೇ ಮಾಡುವ ಬೂಟ್-ರಿಪೇರ್ ಎಂಬ ಸಾಧನವೂ ಇದೆ. ಅದು ಕೆಲಸ ಮಾಡುತ್ತದೆ, ಆದರೆ ಏನು ಬದಲಾಯಿಸಿತು ಎಂಬುದನ್ನು ಅದರ ಉದ್ದನೆಯ ವರದಿಯಲ್ಲಿ ಹುಡುಕಬೇಕಾಗುತ್ತದೆ. ಹೀಗಾಗಿ ನಾನು ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಎಚ್ಚರಿಕೆ. ಯಾರಾದರೂ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಕೊಡಿ ಎಂದರೆ ಕೊಡಬೇಡಿ. ಅದು ಡಿಸ್ಕಿನ ಮೊದಲ ಸೆಕ್ಟರಿನಿಂದ ಬೂಟ್ ಆಗುತ್ತಿದ್ದ ಕಾಲದ ಮದ್ದು, ನಿಮ್ಮ ಯುಇಎಫ್ಐ ಯಂತ್ರಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ವಿಂಡೋಸ್ ಕಡೆಯ ಬೂಟ್ ಫೈಲ್‌ಗಳೇ ಹಾಳಾಗಿದ್ದರೆ ಬೇಕಾಗುವುದು ‘ಬಿಸಿಡಿಬೂಟ್’. ನಿಮ್ಮಲ್ಲಿ ವಿಂಡೋಸ್ ಎದ್ದಿರುವುದರಿಂದ ಅದರ ಅಗತ್ಯವೂ ಇಲ್ಲ.

ಕುಕ್ಕರಹಳ್ಳಿ (ಮೈಸೂರು)

ನೀರುಗಂಟಿಯವರ ತರ್ಕ ಒಪ್ಪಿದೆ. ಗುರುವಾರ ಉಬುಂಟು ತೆರೆದಿತ್ತು ಎಂಬುದನ್ನು ನಾನು ಗಮನಿಸದೆ ಬರೆದೆ. ಬಿಟ್‌ಲಾಕರ್ ವಿಚಾರದಲ್ಲಿಯೂ ಆತುರಪಟ್ಟೆ.

ಒಂದು ಮಾತು ಸೇರಿಸುತ್ತೇನೆ. ‘ಅಪ್‌ಡೇಟ್-ಗ್ರಬ್’ ಆದ ಮೇಲೆ ಪಟ್ಟಿಯಲ್ಲಿ ಉಬುಂಟು ಮಾತ್ರ ಬಂದು ವಿಂಡೋಸ್ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬುದನ್ನು ಗ್ರಬ್ 2.06ರಿಂದ, ಅಂದರೆ 2021ರಿಂದ, ಭದ್ರತೆಯ ಕಾರಣಕ್ಕೆ ಸಹಜವಾಗಿ ಆಫ್ ಇಟ್ಟಿದ್ದಾರೆ. /ಇಟಿಸಿ/ಡಿಫಾಲ್ಟ್/ಗ್ರಬ್ ಎಂಬ ಫೈಲಿನಲ್ಲಿ ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಎಂಬ ಸಾಲಿನ ಮುಂದಿರುವ ಹ್ಯಾಷ್ ಚಿಹ್ನೆಯನ್ನು ತೆಗೆದು, ಆ ಸಾಲು ಇಲ್ಲದಿದ್ದರೆ ಸೇರಿಸಿ, ಮತ್ತೊಮ್ಮೆ ‘ಅಪ್‌ಡೇಟ್-ಗ್ರಬ್’ ಕೊಟ್ಟರೆ ವಿಂಡೋಸ್ ಮರಳಿ ಬರುತ್ತದೆ. ಸಮ ಚಿಹ್ನೆಯ ಎಡಗಡೆಯದು ದೊಡ್ಡ ಅಕ್ಷರಗಳಲ್ಲಿ, ಬಲಗಡೆಯದು ಸಣ್ಣ ಅಕ್ಷರಗಳಲ್ಲಿ ಇರಬೇಕು.

ಅಚ್ಚುಮನೆ (ಮಂಡ್ಯ)

ಶನಿವಾರ ಮಧ್ಯಾಹ್ನ ಕುಳಿತು ಮುಗಿಸಿದೆವು. ಮೂರು ಸಾಲುಗಳನ್ನು ನಾನೇ ಟೈಪ್ ಮಾಡಿದೆ. ಮೊದಲ ಸಲ ‘ಪ್ರಿಫಿಕ್ಸ್’ ಕಾಗುಣಿತ ತಪ್ಪಿತು, ಅಷ್ಟು ವರ್ಷ ಬೇರೆಯವರ ಕಾಗುಣಿತ ತಿದ್ದಿದವನಿಗೆ ಅದೊಂದು ಪಾಠ. ಎರಡನೇ ಸಲಕ್ಕೆ ಪಟ್ಟಿ ಬಂತು, ಉಬುಂಟು ತೆರೆಯಿತು. ಮಗಳು ನೋಡಿದಾಗ ಗ್ರಬ್.ಸಿಎಫ್‌ಜಿ ಸೊನ್ನೆ ಬೈಟ್ ಎಂದೇ ಇತ್ತು. ಪರೀಕ್ಷೆ ಮಾಡಿಸಿದಾಗ ಪಾರ್ಟಿಷನ್ನನ್ನು ಸರಿಯಾಗಿ ಮುಚ್ಚಿರಲಿಲ್ಲ ಎಂಬ ಅರ್ಥದ ಸಂದೇಶ ಬಂದು ಅದನ್ನು ತಾನೇ ತಿದ್ದಿಕೊಂಡಿತು. ಅರ್ಧಕ್ಕೆ ನಿಂತಿದ್ದ ಅಪ್‌ಡೇಟ್ ಮುಗಿಯಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ಫ್ಯಾನ್ ತಿರುಗುತ್ತಿದೆಯೇ ಎಂದು ಮೇಲೆ ನೋಡುತ್ತಿದ್ದೆವು. ‘ಗ್ರಬ್-ಇನ್‌ಸ್ಟಾಲ್’ ದೋಷವಿಲ್ಲದೆ ಮುಗಿಯಿತು. ‘ಅಪ್‌ಡೇಟ್-ಗ್ರಬ್’ ಕೊಟ್ಟಾಗ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಎಂದು ಅದೇ ಹೇಳಿತು, ಕುಕ್ಕರಹಳ್ಳಿಯವರು ಹೇಳಿದ ಸಾಲನ್ನು ಮುಟ್ಟಬೇಕಾಗಲಿಲ್ಲ. ಎರಡನ್ನೂ ಎರಡೆರಡು ಬಾರಿ ಆನ್ ಆಫ್ ಮಾಡಿ ನೋಡಿದ್ದೇವೆ.

ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಆ ಮೂರು ಸಾಲುಗಳನ್ನು ದೊಡ್ಡ ಅಕ್ಷರಗಳಲ್ಲಿ ಪ್ರಿಂಟ್ ತೆಗೆದು ಸಿಪಿಯು ಪೆಟ್ಟಿಗೆಯ ಬದಿಗೆ ಅಂಟಿಸಿದ್ದೇನೆ.

ನೀರುಗಂಟಿ (ಶ್ರೀರಂಗಪಟ್ಟಣ)

ಆ ಕಾಗದವನ್ನು ಸ್ವಲ್ಪ ತಿದ್ದಬೇಕು. ನಾಳೆ ಇನ್ನೊಂದು ಡಿಸ್ಕ್ ಸೇರಿಸಿದರೆ, ಅಥವಾ ಪಾರ್ಟಿಷನ್ನುಗಳನ್ನು ಬದಲಾಯಿಸಿದರೆ, ಎಚ್‌ಡಿ0 ಹೋಗಿ ಎಚ್‌ಡಿ1 ಆಗಬಹುದು, ಆರು ಹೋಗಿ ಏಳು ಆಗಬಹುದು. ಮೊದಲ ಸಾಲಿನ ಬದಲು ‘ಸರ್ಚ್ --ಸೆಟ್=ರೂಟ್ --ಫೈಲ್ /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ’ ಎಂದು ಹಾಕಿ. ಆ ಫೈಲ್ ಎಲ್ಲಿದೆ ಎಂದು ಗ್ರಬ್ಬೇ ಹುಡುಕಿಕೊಳ್ಳುತ್ತದೆ. ಉಳಿದೆರಡು ಸಾಲುಗಳಲ್ಲಿ ಕಂಸದೊಳಗೆ ಸಂಖ್ಯೆ ಬರೆಯುವ ಬದಲು ಡಾಲರ್ ಚಿಹ್ನೆ ಹಾಕಿ ರೂಟ್ ಎಂದು ಬರೆದರೆ ಸಾಕು. ಮೊದಲೇ ಇದನ್ನು ಹೇಳದಿದ್ದುದಕ್ಕೆ ಕಾರಣವಿತ್ತು: ಫೈಲ್‌ಗಳು ಉಳಿದಿವೆ ಎಂಬುದನ್ನು ನೀವು ಕಣ್ಣಾರೆ ನೋಡಲಿ ಎಂದುಕೊಂಡೆ.